ಆ ಲೋಕದ ನಾನು ನನಗೇನಾಗಬೇಕು?

1968ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಹ್ಯೂಬರ್ಟ್ ಹಂಫ್ರಿ ರಿಚರ್ಡ್ ನಿಕ್ಸನ್ ಎದುರು ಸೋತರು. ಜನರ ಮತಗಳನ್ನು ಲೆಕ್ಕ ಹಾಕಿದರೆ ಅಂತರ ಶೇಕಡಾ 1ಕ್ಕಿಂತಲೂ ಕಡಿಮೆ. ಅಷ್ಟು ಹತ್ತಿರ ಬಂದು ಸೋತವರನ್ನು ಕಂಡಾಗ ನಾವೆಲ್ಲ ‘ಪಾಪ, ಗೆದ್ದುಬಿಡಬಹುದಿತ್ತು’ ಅನ್ನುತ್ತೇವೆ. ಹಾಗನ್ನುವಾಗ ನಾವು ಯಾರ ವಿಷಯ ಮಾತಾಡುತ್ತಿರುತ್ತೇವೆ? ತತ್ತ್ವಜ್ಞಾನಿ ಡೇವಿಡ್ ಲೂಯಿಸ್ ಇದಕ್ಕೆ ಕೊಟ್ಟ ಉತ್ತರ ವಿಚಿತ್ರವಾದದ್ದು. ಸಾಧ್ಯವಿದ್ದದ್ದೆಲ್ಲ ಒಂದಲ್ಲ ಒಂದು ಲೋಕದಲ್ಲಿ ನಿಜವಾಗಿಯೇ ನಡೆದಿದೆ. ಅಂಥದೊಂದು ಲೋಕದಲ್ಲಿ ಹಂಫ್ರಿಯನ್ನೇ ಹೋಲುವ ಒಬ್ಬ ಗೆದ್ದಿದ್ದಾನೆ. ನಮ್ಮ ಮಾತನ್ನು ನಿಜ ಮಾಡುವವನು ಅವನು. 1970ರ ಜನವರಿಯಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಉಪನ್ಯಾಸ ಕೊಟ್ಟ ಇನ್ನೊಬ್ಬ ತತ್ತ್ವಜ್ಞಾನಿ ಸಾಲ್ ಕ್ರಿಪ್ಕಿ ಇದನ್ನು ಒಪ್ಪಲಿಲ್ಲ. ತನ್ನಂಥವನೇ ಇನ್ನೊಬ್ಬ ಎಲ್ಲೋ ಗೆದ್ದರೆ ಇಲ್ಲಿ ಸೋತ ಹಂಫ್ರಿಗೆ ಅದರಿಂದ ಏನಾಗಬೇಕು ಎಂಬುದು ಅವರ ತಕರಾರಿನ ಸಾರ.

ಸಮಾಂತರ ವಿಶ್ವದ ಸಿನಿಮಾಗಳೆಲ್ಲ ಕೊನೆಗೆ ಬಂದು ನಿಲ್ಲಬೇಕಾದ್ದು ಈ ತಕರಾರಿನ ಮುಂದೆ. ದುಡ್ಡಿದ್ದ ಸಿನಿಮಾಗಳಿಗೆ ಅದನ್ನು ಸುತ್ತಿ ಹೋಗುವ ದಾರಿಗಳಿವೆ: ಬಣ್ಣಬಣ್ಣದ ಲೋಕಗಳನ್ನು ತೋರಿಸಬಹುದು, ಕಟ್ಟಡಗಳನ್ನು ಮಡಚಬಹುದು, ಆಕಾಶ ಸೀಳಬಹುದು. ಕೈಯಲ್ಲಿ ಕಾಸಿಲ್ಲದವರಿಗೆ ತೋರಿಸಲು ಇನ್ನೊಂದು ಲೋಕವೇ ಇರುವುದಿಲ್ಲ. ಅವರ ಬಳಿ ಇರುವುದು ಅದೇ ಮನೆ, ಅದೇ ಬೀದಿ, ಅದೇ ಮುಖ. ಹಾಗಾಗಿ ಅವರು ಆ ಮುಖವನ್ನೇ ನೋಡುತ್ತಾರೆ. ಈ ವಿಷಯಕ್ಕೆ ಬಡ ಸಿನಿಮಾಗಳೇ ಹೆಚ್ಚು ನ್ಯಾಯ ಒದಗಿಸಿವೆ ಎಂಬುದು ನನ್ನ ವಾದ.

ಜೇಮ್ಸ್ ವಾರ್ಡ್ ಬರ್ಕಿಟ್ ನಿರ್ದೇಶಿಸಿದ ‘ಕೊಹೆರೆನ್ಸ್’ (2013) ಚಿತ್ರದ ಬಹುಪಾಲು ಅವರ ಸ್ವಂತ ಮನೆಯಲ್ಲೇ, ಐದು ರಾತ್ರಿಗಳಲ್ಲಿ ಚಿತ್ರೀಕರಣವಾಯಿತು. ಖರ್ಚು ಸುಮಾರು 50,000 ಡಾಲರ್ ಎಂದು ಹೇಳಲಾಗುತ್ತದೆ. ನಟರಿಗೆ ಬರೆದ ಸಂಭಾಷಣೆ ಇರಲಿಲ್ಲ. ಪ್ರತಿದಿನ ಒಬ್ಬೊಬ್ಬರಿಗೂ ಅವರ ಪಾತ್ರದ ಕುರಿತಷ್ಟೇ ಒಂದು ಚೀಟಿ ಸಿಗುತ್ತಿತ್ತು. ಪಕ್ಕದವರ ಚೀಟಿಯಲ್ಲಿ ಏನಿದೆ ಎಂಬುದು ತಿಳಿಯುತ್ತಿರಲಿಲ್ಲ. ಎಂಟು ಜನ ಸ್ನೇಹಿತರು ರಾತ್ರಿ ಊಟಕ್ಕೆ ಸೇರಿದ್ದಾರೆ. ಆಕಾಶದಲ್ಲಿ ಧೂಮಕೇತು ಹಾದುಹೋಗುತ್ತಿದೆ. ಮೊಬೈಲಿನ ಗಾಜು ತಾನಾಗಿ ಸೀಳುತ್ತದೆ, ಕರೆಂಟು ಹೋಗುತ್ತದೆ. ಬೀದಿಯ ಆ ತುದಿಯಲ್ಲಿ ಒಂದೇ ಮನೆಗೆ ದೀಪವಿದೆ. ಹೋಗಿ ಕಿಟಕಿಯಲ್ಲಿ ಇಣುಕಿದವರಿಗೆ ಒಳಗೆ ಊಟದ ಮೇಜಿನ ಸುತ್ತ ಕಂಡದ್ದು ತಾವೇ.

ಈ ಚಿತ್ರದ ಇಡೀ ತಂತ್ರ ನಿಂತಿರುವುದು ಮೂರು ಬಣ್ಣದ ಗ್ಲೋ ಸ್ಟಿಕ್ಕುಗಳ ಮೇಲೆ. ನಮ್ಮ ಗುಂಪು ನೀಲಿಯದನ್ನು ಮುರಿದು ಬೆಳಗಿಸಿಕೊಂಡು ಹೊರಟಿದೆ. ಕತ್ತಲಲ್ಲಿ ಎದುರಾಗುವ ಗುಂಪಿನ ಕೈಯಲ್ಲಿ ಕೆಂಪು. ಮುಖ ಅವೇ, ಬಟ್ಟೆ ಅವೇ. ಇನ್ನೊಂದು ವಿಶ್ವ ಬಂತೆಂದು ಹೇಳಲು ಅಷ್ಟು ಸಾಕಾಯಿತು. ಆಮೇಲೆ ಈ ಮನೆಯವರು ತಮ್ಮನ್ನು ತಾವು ಗುರುತಿಸಿಕೊಳ್ಳಲು ಎಲ್ಲರ ಫೋಟೋ ತೆಗೆದು, ದಾಳ ಎಸೆದು, ಬಂದ ಅಂಕಿಯನ್ನು ಹಿಂದೆ ಬರೆದು ಪೆಟ್ಟಿಗೆಯಲ್ಲಿ ಇಡುತ್ತಾರೆ. ಇದು ಬಹಳ ದೊಡ್ಡ ಆಲೋಚನೆ. ನಾನು ನಾನೇ ಎಂಬುದಕ್ಕೆ ನನ್ನ ಹೆಸರು, ನೆನಪು, ಸ್ವಭಾವ ಯಾವುದೂ ಸಾಕ್ಷಿಯಾಗುವುದಿಲ್ಲ, ಅವೆಲ್ಲ ಆ ಮನೆಯ ಇನ್ನೊಬ್ಬನಿಗೂ ಇವೆ. ಕೊನೆಗೆ ಉಳಿಯುವ ಗುರುತು ದಾಳ ಹೇಗೆ ಬಿತ್ತು ಎಂಬುದೊಂದೇ.

ಭೌತಶಾಸ್ತ್ರ ಇಷ್ಟು ಸಲಿಗೆ ಕೊಡುವುದಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. 1957ರಲ್ಲಿ ಹ್ಯೂ ಎವರೆಟ್ ಪ್ರಿನ್ಸ್‌ಟನ್ನಿನ ತಮ್ಮ ಪ್ರಬಂಧದಲ್ಲಿ ಮಂಡಿಸಿದ, ಮುಂದೆ ಬ್ರೈಸ್ ಡಿವಿಟ್ ‘ಬಹುಲೋಕ’ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ತಂದ ವ್ಯಾಖ್ಯಾನದ ಪ್ರಕಾರ, ಕ್ವಾಂಟಮ್ ಘಟನೆಯೊಂದರ ಎಲ್ಲ ಫಲಿತಾಂಶಗಳೂ ಸಂಭವಿಸುತ್ತವೆ, ಒಂದೊಂದೂ ತನ್ನ ತನ್ನ ಕವಲಿನಲ್ಲಿ. ಆದರೆ ಸುತ್ತಲಿನ ಗಾಳಿ, ಬೆಳಕು, ಧೂಳಿನ ಜೊತೆ ಹೆಣೆದುಕೊಂಡ ಕೂಡಲೇ ಕವಲುಗಳು ಒಂದಕ್ಕೊಂದು ಕಾಣದಂತಾಗುತ್ತವೆ. ಇದಕ್ಕೆ ಡೀಕೊಹೆರೆನ್ಸ್ ಎನ್ನುತ್ತಾರೆ. ಚಿತ್ರದ ಹೆಸರು ಇದರ ವಿರುದ್ಧ ಪದ. ಎವರೆಟ್ ಲೆಕ್ಕದಲ್ಲಿ ಆ ಮನೆಯ ಬಾಗಿಲು ತಟ್ಟಲು ಬರುವುದಿಲ್ಲ. ಧೂಮಕೇತುವಿನ ನೆಪದಲ್ಲಿ ಬರ್ಕಿಟ್ ಬಾಗಿಲು ತೆರೆಸುತ್ತಾರೆ. ಈ ಒಂದು ಸುಳ್ಳನ್ನು ನಾನು ಸಂತೋಷದಿಂದ ಒಪ್ಪುತ್ತೇನೆ, ಕ್ರಿಪ್ಕಿಯ ಪ್ರಶ್ನೆ ಜೀವ ಪಡೆಯುವುದು ಆ ಬಾಗಿಲು ತೆರೆದಾಗ ಮಾತ್ರ.

ಮೈಕ್ ಎಂಬ ಪಾತ್ರವನ್ನು ನೋಡಿ. ಕುಡಿತ ಬಿಟ್ಟ ಮನುಷ್ಯ, ಆ ರಾತ್ರಿ ಮತ್ತೆ ಬಾಟಲಿ ಹಿಡಿಯುತ್ತಾನೆ. ಆ ಮನೆಯವರು ನಮ್ಮ ಮೇಲೆ ಬೀಳುತ್ತಾರೆ ಎಂಬ ಭಯ ಎಲ್ಲರಿಗಿಂತ ಮೊದಲು ಹುಟ್ಟುವುದು ಅವನಲ್ಲಿ. ಯಾಕೆಂದರೆ ಅವರ ಮೇಲೆ ಬೀಳುವ ಯೋಚನೆ ಅವನಿಗೆ ಆಗಲೇ ಬಂದಿದೆ, ಆ ಮನೆಯ ಮೈಕನಿಗೂ ಬಂದಿರಲೇಬೇಕು. ತನ್ನನ್ನು ತಾನು ಬಲ್ಲವನು ತನ್ನಂಥವನಿಗೆ ಹೆದರುತ್ತಾನೆ. ಇದನ್ನು ಹೇಳಲು ಒಂದು ಕೋಣೆ, ಒಂದು ಮೇಣದಬತ್ತಿ ಸಾಕಾಗಿದೆ.

ಎಮಿಲಿಯದು, ಸ್ನೇಹಿತರ ಬಾಯಲ್ಲಿ ಎಮ್‌ಳದು, ಇನ್ನೂ ಆಳದ ಸಂಕಟ. ಅವಳು ನರ್ತಕಿ. ಮುಖ್ಯವಾದೊಂದು ಅವಕಾಶ ಬಂದಾಗ ತೀರ್ಮಾನ ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದಳು, ಅದು ಬೇರೊಬ್ಬಳ ಪಾಲಾಯಿತು. ವಿಯೆಟ್ನಾಂಗೆ ಜೊತೆಗೆ ಬಾ ಎಂದು ಗೆಳೆಯ ಕೆವಿನ್ ಕರೆದಾಗಲೂ ಹಾಗೇ ತಡ ಮಾಡಿದಳು. ಧೂಮಕೇತುವಿನ ರಾತ್ರಿ ಅವಳು ಮನೆಯಿಂದ ಮನೆಗೆ ಕಿಟಕಿ ಇಣುಕುತ್ತ ಅಲೆಯುತ್ತಾಳೆ. ಕೊನೆಗೆ ಒಂದು ಮನೆ ಸಿಗುತ್ತದೆ. ಅಲ್ಲಿ ಜಗಳವಿಲ್ಲ, ಎಲ್ಲರೂ ನಗುತ್ತಿದ್ದಾರೆ, ಅಲ್ಲಿನ ಎಮ್ ಪ್ರೀತಿಯಲ್ಲಿ ತಣ್ಣಗಿದ್ದಾಳೆ. ನಮ್ಮ ಎಮ್ ಆಕೆಯನ್ನು ಹೊಡೆದು ಕೆಡವಿ, ಸ್ನಾನದ ತೊಟ್ಟಿಯಲ್ಲಿ ಬಚ್ಚಿಟ್ಟು, ಆಕೆಯ ಜಾಗಕ್ಕೆ ಹೋಗುತ್ತಾಳೆ. ಬೆಳಗ್ಗೆ ಎದ್ದಾಗ ತೊಟ್ಟಿ ಖಾಲಿ. ಕೆವಿನ್ನನ ಫೋನು ರಿಂಗಾಗುತ್ತದೆ. ಕರೆ ಮಾಡಿರುವವಳು ಎಮ್. ಅವನು ಎದುರು ನಿಂತವಳ ಮುಖ ನೋಡುತ್ತಾನೆ.

ಇಲ್ಲಿ ಎಮ್ ಮಾಡಿದ ತಪ್ಪು ಬರೀ ಹಲ್ಲೆಯಲ್ಲ. ಆ ಸುಖ ತನ್ನದೇ, ದಾರಿಯಲ್ಲೆಲ್ಲೋ ಕೈತಪ್ಪಿ ಬೇರೆ ವಿಳಾಸಕ್ಕೆ ಹೋದದ್ದು ಎಂದು ಅವಳು ನಂಬಿದಳು. ಅದು ಹಾಗಿರಲಿಲ್ಲ. ಆ ಮನೆಯ ಎಮ್ ಹೌದು ಎನ್ನಬೇಕಾದ ದಿನ ಹೌದು ಎಂದಿರಬೇಕು, ಆ ಮಾತಿನ ಭಾರ ಹೊತ್ತು ವರ್ಷಗಳನ್ನು ಕಳೆದಿರಬೇಕು. ಫಲಕ್ಕೆ ಮಾತ್ರ ಕೈಹಾಕುವವಳು ಆ ವರ್ಷಗಳನ್ನು ತೆಗೆದುಕೊಳ್ಳಲಾರಳು.

ಬಹುಲೋಕದ ಮಾತೆತ್ತಿದರೆ ಯಾರಾದರೂ ಕೇಳುವ ಪ್ರಶ್ನೆಯೊಂದಿದೆ. ಎಲ್ಲವೂ ಎಲ್ಲೋ ಒಂದು ಕಡೆ ಆಗಿಯೇ ಆಗುವುದಾದರೆ ನಾನಿಲ್ಲಿ ಒಳ್ಳೆಯದು ಮಾಡಿದರೇನು, ಕೆಟ್ಟದು ಮಾಡಿದರೇನು? ಈ ಪ್ರಶ್ನೆಗೆ ತೂಕವಿದೆ ಎಂದು ನನಗೆ ಅನ್ನಿಸುವುದಿಲ್ಲ. ಲೆಕ್ಕ ಇಡುವವನು ಎಲ್ಲ ಲೋಕಗಳ ಹೊರಗೆ ನಿಂತು ಒಟ್ಟು ಮೊತ್ತ ಕೂಡಿಸುತ್ತಾನೆ ಎಂದು ಅದು ಭಾವಿಸಿಕೊಂಡಿದೆ. ಅಂಥ ಜಾಗದಲ್ಲಿ ಯಾರೂ ನಿಂತಿಲ್ಲ. ಹೊಡೆತ ತಿಂದವಳಿಗೆ ಈ ತೊಟ್ಟಿಯ ತಣ್ಣನೆಯ ನೆಲವೇ ನೆಲ; ಹೊಡೆಯದ ಎಮ್‌ಗಳು ಕೋಟಿ ಇದ್ದರೂ ಆ ನೋವು ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ. ನೋವು ಹಂಚಿಹೋಗದಿದ್ದರೆ ಹೊಣೆಯೂ ಹಂಚಿಹೋಗದು.

2022ರ ‘ಡಾಕ್ಟರ್ ಸ್ಟ್ರೇಂಜ್ ಇನ್ ದ ಮಲ್ಟಿವರ್ಸ್ ಆಫ್ ಮ್ಯಾಡ್‌ನೆಸ್’ ಚಿತ್ರದ ವಾಂಡಾ ಬಯಸುವುದೂ ಇದನ್ನೇ: ಬೇರೆ ಲೋಕದ ವಾಂಡಾಳ ಇಬ್ಬರು ಮಕ್ಕಳು ತನಗೆ ಬೇಕು. ಮಕ್ಕಳು ಅವಳನ್ನು ಕಂಡು ಹೆದರಿ ಹಿಂದೆ ಸರಿಯುವ ಗಳಿಗೆಯಲ್ಲಿ ಚಿತ್ರ ಸತ್ಯವನ್ನು ಮುಟ್ಟುತ್ತದೆ. ಆದರೆ ಅಲ್ಲಿಗೆ ತಲುಪುವಷ್ಟರಲ್ಲಿ ಎಷ್ಟೊಂದು ಲೋಕಗಳು ಕಣ್ಣ ಮುಂದೆ ಹಾದುಹೋಗಿರುತ್ತವೆ, ಎಷ್ಟೊಂದು ಜನ ಸತ್ತಿರುತ್ತಾರೆ ಎಂದರೆ, ಒಬ್ಬ ತಾಯಿಯ ದುರಾಸೆಯನ್ನು ಅಳೆಯುವ ತಾಳ್ಮೆ ನೋಡುವವನಲ್ಲಿ ಉಳಿದಿರುವುದಿಲ್ಲ.

ಎಮ್‌ಗೆ ತಕ್ಕ ಉತ್ತರ ಸಿಗುವುದು ಮೈಕ್ ಕಾಹಿಲ್ ಅವರ ‘ಅನದರ್ ಅರ್ಥ್’ (2011) ಚಿತ್ರದಲ್ಲಿ. ನಿರ್ದೇಶನ, ಛಾಯಾಗ್ರಹಣ, ಸಂಕಲನ ಮೂರೂ ಅವರದೇ. ಕಥೆಯನ್ನು ಅವರ ಜೊತೆ ಬರೆದ ಬ್ರಿಟ್ ಮಾರ್ಲಿಂಗ್ ನಾಯಕಿ. ಹದಿನೇಳರ ರೋಡಾ ಕುಡಿದು ಕಾರು ಓಡಿಸುತ್ತಿದ್ದಾಗ, ಆಕಾಶದಲ್ಲಿ ಹೊಸದಾಗಿ ಕಂಡ ನೀಲಿ ಚುಕ್ಕಿಯನ್ನು ಹುಡುಕುತ್ತ, ಒಂದು ಕುಟುಂಬದ ಕಾರಿಗೆ ಗುದ್ದುತ್ತಾಳೆ. ತಾಯಿ, ಮಗು ಸಾಯುತ್ತಾರೆ. ತಂದೆ ಜಾನ್ ಉಳಿಯುತ್ತಾನೆ. ಜೈಲಿನಿಂದ ಹೊರಬಂದ ಮೇಲೆ ಅವಳು ಶಾಲೆಯೊಂದರಲ್ಲಿ ಕಸ ಗುಡಿಸುವ ಕೆಲಸ ಹಿಡಿಯುತ್ತಾಳೆ. ಕ್ಷಮೆ ಕೇಳಲು ಜಾನ್ ಮನೆಗೆ ಹೋದವಳು ಬಾಗಿಲಲ್ಲಿ ಧೈರ್ಯ ಸಾಲದೆ, ಮನೆ ಶುಚಿ ಮಾಡುವ ಕಂಪನಿಯವಳು ಎಂದು ಹೇಳಿಬಿಡುತ್ತಾಳೆ. ಆಕಾಶದ ಚುಕ್ಕಿ ಇನ್ನೊಂದು ಭೂಮಿ, ಅಲ್ಲೂ ನಾವೇ ಇದ್ದೇವೆ. ಎರಡು ಭೂಮಿಗಳು ಪರಸ್ಪರ ಕಂಡ ಕ್ಷಣದಿಂದ ಅವುಗಳ ದಾರಿ ಬೇರೆಯಾಗಿರಬಹುದು ಎಂದು ವಿಜ್ಞಾನಿಯೊಬ್ಬ ಹೇಳುತ್ತಾನೆ. ಅಂದರೆ ಅಲ್ಲಿ ಆ ಅಪಘಾತ ಆಗದೆ ಇರಬಹುದು.

ಅಲ್ಲಿಗೆ ಹೋಗುವ ಟಿಕೆಟ್ಟು ಪ್ರಬಂಧ ಸ್ಪರ್ಧೆಯಲ್ಲಿ ರೋಡಾಗೆ ಸಿಗುತ್ತದೆ. ಅವಳು ಅದನ್ನು ಜಾನ್‌ಗೆ ಕೊಡುತ್ತಾಳೆ. ಆ ಲೋಕದ ಅವನ ಹೆಂಡತಿ, ಮಗು ಬದುಕಿರಬಹುದು. ಕ್ರಿಪ್ಕಿ ಇಲ್ಲಿ ಅಡ್ಡ ಬಂದು, ಅವರು ನಿನ್ನ ಹೆಂಡತಿ ಮಗು ಅಲ್ಲವಲ್ಲ ಎಂದಾರು. ತಕರಾರು ಸರಿ, ಚಿತ್ರ ಅದನ್ನು ಬಿಡಿಸುವುದೂ ಇಲ್ಲ. ಆದರೆ ರೋಡಾ ಆ ಲೋಕವನ್ನು ತನ್ನ ಪಾಪ ತೊಳೆಯುವ ಜಾಗವನ್ನಾಗಿ ಮಾಡಿಕೊಳ್ಳಲಿಲ್ಲ. ಮಾಡಿದ್ದನ್ನು ಹೊತ್ತುಕೊಂಡು ಈ ಭೂಮಿಯಲ್ಲೇ ಉಳಿದಳು. ಈ ಜಾತಿಯ ಸಿನಿಮಾಗಳಲ್ಲಿ ನಾನು ಕಂಡ ಅತ್ಯಂತ ದೊಡ್ಡ ನಡೆ ಇದು.

ಒಂದು ಮನೆಯೊಳಗೆ ವಿಶ್ವ ಹಿಡಿಸುವ ಈ ಕಲ್ಪನೆ ನಮ್ಮವರಿಗೆ ಹೊಸದಲ್ಲ. ಯೋಗವಾಸಿಷ್ಠದ ಲೀಲೋಪಾಖ್ಯಾನದಲ್ಲಿ ರಾಣಿ ಲೀಲೆಗೆ ಸರಸ್ವತಿ ತೋರಿಸುವುದು ಇದನ್ನೇ: ಅವಳ ಗಂಡ ಪದ್ಮರಾಜನ ಆಳ್ವಿಕೆ, ಅರಮನೆ, ದಂಡುದಾಳಿ ಎಲ್ಲವೂ ಎಂಟು ದಿನದ ಹಿಂದೆ ತೀರಿಕೊಂಡ ಬ್ರಾಹ್ಮಣನೊಬ್ಬನ ಮನೆಯ ಆಕಾಶದೊಳಗೇ ನಡೆದಿವೆ. ಆದರೆ ಅಲ್ಲಿನ ಗುರಿ ಬೇರೆ. ಲೋಕಗಳೆಲ್ಲ ಚಿತ್ತದ ತೋರಿಕೆ ಎಂದು ಕಾಣಿಸಿ ಅಂಟು ಬಿಡಿಸುವುದು. ರೋಡಾಳ ಕಥೆ ಅಂಟನ್ನು ಬಿಡಿಸುವುದಿಲ್ಲ, ಮಾಡಿದ ಕೆಲಸಕ್ಕೆ ಇನ್ನಷ್ಟು ಗಟ್ಟಿಯಾಗಿ ಅಂಟಿಸುತ್ತದೆ. ನನ್ನ ಒಲವು ರೋಡಾಳ ಕಡೆಗೆ.

ಬಡತನವೇ ಚಿಂತನೆ ಹುಟ್ಟಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಕಾಸಿಲ್ಲದೆ ಕೆಟ್ಟ ಸಿನಿಮಾಗಳು ಬೇಕಾದಷ್ಟಿವೆ, ಕೆಲಸಗಾರರಿಗೆ ಕೂಲಿ ಕೊಡಲಾಗದ ಸ್ಥಿತಿಯನ್ನು ಕಲೆಯ ಹೆಸರಲ್ಲಿ ಹೊಗಳುವುದು ಅನ್ಯಾಯ. ಮಾತು ಇಷ್ಟೇ: ಈ ಒಂದು ವಿಷಯಕ್ಕೆ ಬೇಕಾದ್ದು ಹೊಸ ಲೋಕಗಳಲ್ಲ, ಒಂದು ಸಣ್ಣ ವ್ಯತ್ಯಾಸ ಮತ್ತು ಅದನ್ನು ನೋಡುವ ಸಾವಧಾನ. ‘ಕೊಹೆರೆನ್ಸ್’ ಬಂದ 2013ರಲ್ಲೇ ಪವನ್ ಕುಮಾರ್ ಜನರಿಂದ ಹಣ ಕೂಡಿಸಿ ‘ಲೂಸಿಯಾ’ ತೆಗೆದರು. ಅದು ಕನಸಿನ ಕಥೆ, ಸಮಾಂತರ ವಿಶ್ವದ್ದಲ್ಲ. ಆದರೂ ಒಬ್ಬನ ಎರಡು ಬದುಕನ್ನು ಬಣ್ಣ ಮತ್ತು ಕಪ್ಪುಬಿಳುಪಿನ ವ್ಯತ್ಯಾಸದಲ್ಲೇ ಹಿಡಿದ ಆ ಚಿತ್ರ, ಇಂಥ ಪ್ರಶ್ನೆ ಕೇಳಲು ಕನ್ನಡಕ್ಕೆ ಶಕ್ತಿ ಇದೆ ಎಂದು ತೋರಿಸಿತು.

ಈ ಎರಡು ಚಿತ್ರಗಳನ್ನು ನೋಡುವವರು ಮೊದಲು ‘ಕೊಹೆರೆನ್ಸ್’, ಆಮೇಲೆ ‘ಅನದರ್ ಅರ್ಥ್’ ನೋಡಿ. ಒಬ್ಬರೇ ನೋಡಬೇಡಿ, ನಿಮ್ಮನ್ನು ಚೆನ್ನಾಗಿ ಬಲ್ಲವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಆ ಕಿಟಕಿಯ ಹೊರಗೆ ನೀವು ನಿಂತಿದ್ದರೆ ಏನು ಮಾಡುತ್ತಿದ್ದಿರಿ ಎಂದು ಅವರನ್ನೇ ಕೇಳಿ.