ಡಂಗುರ ಸಾರಿ ದಯೆ ಕಲಿಸಬಹುದೆ?

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ತುಂಗಭದ್ರೆಯ ದಂಡೆಯ ಊರು. ಅಲ್ಲಿಯ ಬಂಡೆಯ ಮೇಲೆ ಅಶೋಕನ ಲಘು ಶಾಸನಗಳಿವೆ. ಅದೇ ತಾಲ್ಲೂಕಿನ ಉಡೇಗೋಳದಲ್ಲೂ ಇವೆ. ಎರಡೂ ಬೆಳಕಿಗೆ ಬಂದದ್ದು 1970ರ ದಶಕದ ಕೊನೆಯಲ್ಲಿ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ವಯಸ್ಸು ಹೆಚ್ಚು ಕಡಿಮೆ 2250 ವರ್ಷ. ದೇಶದ ಉದ್ದಗಲಕ್ಕೆ ಹರಡಿರುವ ಈ ದೊರೆಯ ಶಾಸನಗಳಲ್ಲಿ ಬಹುಪಾಲು ಕಡೆ ಸಿಗುವುದು ದೇವಾನಾಂಪ್ರಿಯ ಎಂಬಂಥ ಬಿರುದುಗಳು ಮಾತ್ರ. ಅಶೋಕ ಎಂಬ ಹೆಸರು ಕಾಣಸಿಗುವುದು ನಾಲ್ಕೇ ಜಾಗಗಳಲ್ಲಿ: ಮಧ್ಯಪ್ರದೇಶದ ಗುಜರ್ರಾ, ರಾಯಚೂರು ಜಿಲ್ಲೆಯ ಮಸ್ಕಿ, ಮತ್ತೆ ಬಳ್ಳಾರಿ ಜಿಲ್ಲೆಯ ಈ ಎರಡು ಊರು. ಮಸ್ಕಿಯ ಶಾಸನವನ್ನು 1915ರಲ್ಲಿ ಮೊದಲು ಗುರುತಿಸಿದವನು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ನೆಲದೊಳಗಿನ ಅದಿರು ಹುಡುಕಲು ಹೊರಟವನ ಕಣ್ಣಿಗೆ ನೆಲದ ಮೇಲಿನ ಧರ್ಮಾಜ್ಞೆ ಬಿತ್ತು.

ನಿಟ್ಟೂರು ಉಡೇಗೋಳಗಳ ಬಂಡೆಯ ಮೇಲಿನ ಆಜ್ಞೆ ಏನು? ತಂದೆತಾಯಿಯ ಮಾತು ಕೇಳಬೇಕು, ಗುರುವಿಗೆ ನಡೆದುಕೊಳ್ಳಬೇಕು, ಸತ್ಯ ಹೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು. ಇಷ್ಟೇ ಆಗಿದ್ದರೆ ಅದು ಯಾವ ಕಾಲದ ಯಾವ ಹಿರಿಯರೂ ಹೇಳುವ ಮಾತು. ಆದರೆ ಇದನ್ನು ನಾಡಿನ ತುಂಬ ಹಬ್ಬಿಸುವುದಕ್ಕೆ ದೊರೆ ಒಂದು ಏರ್ಪಾಡನ್ನೂ ಮಾಡಿದ. ಗುತ್ತಿಯ ಸಮೀಪ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಪಾಠದಲ್ಲಿ ಅದರ ವಿವರ ಓದಬಹುದು. ರಜ್ಜುಕರೆಂಬ ಅಧಿಕಾರಿಗಳು ಭೇರಿ ಹೊಡೆಸಿ ಹಳ್ಳಿಗಾಡಿನ ಜನಕ್ಕೆ ಇದನ್ನು ಸಾರಬೇಕು. ಆನೆಯ ಸವಾರರು, ಬರೆಯುವ ಕರಣಿಕರು, ರಥ ಹೂಡುವುದನ್ನು ಕಲಿಸುವವರು, ಬ್ರಾಹ್ಮಣರು, ಎಲ್ಲರೂ ತಂತಮ್ಮ ಶಿಷ್ಯರಿಗೆ ಇದನ್ನೂ ಸೇರಿಸಿ ಕಲಿಸಬೇಕು. ಅಂದರೆ ಮಾವುತನ ಮಗ ಆನೆ ಪಳಗಿಸುವುದನ್ನು ಕಲಿಯುವಾಗಲೇ ಆನೆಯ ಮೇಲಿನ ಕರುಣೆಯನ್ನೂ ಕಲಿಯಬೇಕು. ಒಂದು ರಾಜ್ಯ ತನ್ನ ಪ್ರಜೆಗಳಿಗೆ ಉಳಿದ ಜೀವಗಳ ಬಗ್ಗೆ ಪಾಠ ಹೇಳಲು ಹೊರಟ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಅದರ ಗುರುತು ಭತ್ತದ ಗದ್ದೆಗಳ ನಡುವಿನ ಸಿರುಗುಪ್ಪ ಸೀಮೆಯಲ್ಲಿ ಉಳಿದಿದೆ.

ಎರಡು ಸಾವಿರ ವರ್ಷ ದಾಟಿ, 1991ರ ನವೆಂಬರ್ 22ರಂದು, ಸುಪ್ರೀಂ ಕೋರ್ಟ್ ಅಂಥದೇ ಇನ್ನೊಂದು ಆಜ್ಞೆ ಹೊರಡಿಸಿತು. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಬಂದ ಆದೇಶ ಅದು. ಸಿನಿಮಾ ಟಾಕೀಸುಗಳಲ್ಲಿ ಪರಿಸರದ ಬಗ್ಗೆ ಸ್ಲೈಡು ತೋರಿಸಬೇಕು, ಆಕಾಶವಾಣಿ ಮತ್ತು ದೂರದರ್ಶನ ದಿನವೂ ಕೆಲವು ನಿಮಿಷ ಅದಕ್ಕೆ ಮೀಸಲಿಡಬೇಕು, ಶಾಲೆ ಕಾಲೇಜುಗಳಲ್ಲಿ ಪರಿಸರ ಕಡ್ಡಾಯ ಪಾಠವಾಗಬೇಕು. ಭೇರಿ ಹೋಗಿ ಟಾಕೀಸಿನ ಪರದೆ ಬಂತು, ರಜ್ಜುಕರ ಜಾಗಕ್ಕೆ ಶಿಕ್ಷಣ ಇಲಾಖೆ ಬಂತು. ಆದೇಶವನ್ನು ಪಾಲಿಸುವುದರಲ್ಲಿ ರಾಜ್ಯಗಳು ಎಡವಿದವೆಂದು 2003ರ ಡಿಸೆಂಬರ್ 18ರಂದು ಕೋರ್ಟು ಮತ್ತೆ ಹೇಳಬೇಕಾಯಿತು. ಶಾಲೆಗಳಿಗೆ ಎನ್‌ಸಿಇಆರ್‌ಟಿ ಪಠ್ಯಕ್ರಮ, ಪದವಿ ತರಗತಿಗಳಿಗೆ ಯುಜಿಸಿಯ ಆರು ತಿಂಗಳ ಪಾಠ, 2001–02ರಿಂದ ಶುರುವಾದ ರಾಷ್ಟ್ರೀಯ ಹಸಿರು ಪಡೆಯ ಇಕೋ ಕ್ಲಬ್ಬುಗಳು, ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಮಿತ್ರ ಶಾಲೆ ಪ್ರಶಸ್ತಿ, ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ: ಏರ್ಪಾಡಿಗೆ ಕೊರತೆಯಿಲ್ಲ.

ಆದರೂ ಹಳೆಯ ಪ್ರಶ್ನೆ ಹಾಗೇ ಇದೆ. ದಯೆ ಆಜ್ಞೆಯಿಂದ ಬರುತ್ತದೆಯೆ?

ಮೊದಲು ಶಾಲೆಯನ್ನೇ ನೋಡಬೇಕು. ಬ್ರೂಸ್‌ಪೇಟೆಯಾಗಲಿ ಕೌಲ್‌ಬಜಾರ್ ಆಗಲಿ, ಬಳ್ಳಾರಿಯಲ್ಲಿ ಜೂನ್ 5ರಂದು ಸಸಿ ನೆಡದ ಶಾಲೆ ಹುಡುಕಿದರೂ ಸಿಗುವುದು ಕಷ್ಟ. ಆ ತಾರೀಕು ಬಂದದ್ದು 1972ರ ಸ್ಟಾಕ್‌ಹೋಂ ಸಮ್ಮೇಳನದಿಂದ. ಬಳ್ಳಾರಿಗೆ ಬೀಳುವ ಮಳೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು, ಅದರಲ್ಲೂ ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ. ಹುಬ್ಬೆ, ಉತ್ತರೆ, ಹಸ್ತ ಮಳೆಗಳನ್ನು ನಂಬಿ ಬದುಕುವ ಸೀಮೆ ಇದು. ಜೂನ್ ಮೊದಲ ವಾರದಲ್ಲಿ ಗುದ್ದಲಿ ಹಾಕಿದರೆ ಬಂಡೆಗೆ ಹಾಕಿದಂತೆ ಟಣ್ ಎನ್ನುತ್ತದೆ. ಮೊಣಕಾಲುದ್ದದ ಬೇವಿನ ಸಸಿ, ಸುತ್ತ ಜಾಲಿ ಮುಳ್ಳಿನ ಬೇಲಿ, ಬುಡಕ್ಕೆ ಒಂದು ಕೊಡ ನೀರು. ಮಕ್ಕಳು ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ನೀರು ಹಾಕುವ ಸರದಿ ಯಾರದೆಂಬುದು ಯಾರಿಗೂ ನೆನಪಿರುವುದಿಲ್ಲ. ಪಾಠ ತಪ್ಪಲ್ಲ, ಸಸಿಯೂ ತಪ್ಪಲ್ಲ. ಆ ಊರಿನ ಮಳೆಯನ್ನು ಕೇಳದೆ ಹೊರಡಿಸಿದ ಸುತ್ತೋಲೆ ತಪ್ಪು. ತನ್ನ ಊರಿನ ಮಳೆನಕ್ಷತ್ರ ಗೊತ್ತಿಲ್ಲದ ಹುಡುಗ ಓಜೋನ್ ಪದರದ ಬಗ್ಗೆ ಐದು ಅಂಕದ ಉತ್ತರ ಬರೆಯಬಲ್ಲ. ಇದನ್ನು ಪರಿಸರ ಸಾಕ್ಷರತೆ ಎನ್ನುವುದಾದರೆ ಆ ಮಾತಿಗೆ ಬೆಲೆಯಿಲ್ಲ.

ಹಾಗಿದ್ದರೆ ಆಜ್ಞೆ ಬೇಡ, ಭಕ್ತಿ ಸಾಕು ಎನ್ನುವವರಿದ್ದಾರೆ. ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಪ್ರಬಂಧ ಈ ವಾದದ ಬೇರು. ಮನುಷ್ಯ ನಿಸರ್ಗವನ್ನು ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದು ಅವನ ಧರ್ಮ ಅವನಿಗೆ ಏನು ಹೇಳಿಕೊಟ್ಟಿದೆ ಎಂಬುದರ ಮೇಲೆ ನಿಂತಿದೆ ಎಂದ ಆತ, ಪಶ್ಚಿಮದ ಕ್ರೈಸ್ತ ಚಿಂತನೆ ಗಿಡಮರಗಳಲ್ಲಿದ್ದ ದೈವವನ್ನು ಓಡಿಸಿದ್ದೇ ಅನಾಹುತಕ್ಕೆ ದಾರಿಯಾಯಿತು ಎಂದು ವಾದಿಸಿದ. ಪರಿಸರದವರಿಗೆ ಅಸ್ಸಿಸಿಯ ಸಂತ ಫ್ರಾನ್ಸಿಸ್ ಮಾದರಿಯಾಗಲಿ ಎಂದೂ ಸೂಚಿಸಿದ. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದನ್ನು ಅಧಿಕೃತಗೊಳಿಸಿದರು. ಗುಡ್ಡದಲ್ಲಿ ದೇವರಿದೆ ಎಂದು ನಂಬುವವರು ಗುಡ್ಡ ಕಡಿಯುವುದಿಲ್ಲ ಎಂಬುದು ಈ ವಾದದ ಒಳಗಿನ ಭರವಸೆ.

ಬಳ್ಳಾರಿ ಆ ಭರವಸೆಯನ್ನು ಮುರಿದ ಜಾಗ. ಇಲ್ಲಿ ದೇವರಿಲ್ಲದ ಗುಡ್ಡವೇ ಇಲ್ಲ ಎನ್ನಬೇಕು. ಸಂಡೂರಿನ ಬೆಟ್ಟದಲ್ಲಿ ಕುಮಾರಸ್ವಾಮಿ, ಆಗ ಇದೇ ಜಿಲ್ಲೆಯಲ್ಲಿದ್ದ ಹೊಸಪೇಟೆಯ ಪಕ್ಕದ ಗುಡ್ಡದಲ್ಲಿ ಜಂಬುನಾಥ. ಆಂಧ್ರದ ಗಡಿಗೆ ಹತ್ತಿದ ಗುಡ್ಡದ ಮೇಲೆ ಸುಗ್ಗುಲಮ್ಮನ ಹಳೆಯ ಗುಡಿಯಿತ್ತು. ಅದು ಗಡಿಯ ಗುರುತೂ ಆಗಿತ್ತು. ಅದಿರಿನ ಬೆಲೆ ಗಗನಕ್ಕೇರಿದ ಆ ವರ್ಷಗಳಲ್ಲಿ, 2006ರಲ್ಲಿ, ಆ ಗುಡಿಯನ್ನು ಸಿಡಿಮದ್ದು ಇಟ್ಟು ಕೆಡವಲಾಯಿತು. ನಾಸ್ತಿಕರ ನಾಡಿನಲ್ಲಿ ಆದದ್ದಲ್ಲ ಇದು. ಜಾತ್ರೆ ತಪ್ಪಿಸದವರ ನಾಡಿನಲ್ಲಿ, ಕನಕದುರ್ಗಮ್ಮನ ಸಿಡಿಬಂಡಿಗೆ ಊರಿಗೆ ಊರೇ ನೆರೆಯುವ ನಾಡಿನಲ್ಲಿ ಆದದ್ದು. ಲಾರಿಗಳ ಸಾಲು, ಹೊಲದ ಮೇಲೆ ಕೂತ ಕೆಂಪು ದೂಳು, ಜೋಳದ ಎಲೆಯೂ ಮನೆಯ ಮಾಳಿಗೆಯೂ ಒಂದೇ ಬಣ್ಣ. ಗುಡ್ಡಕ್ಕೆ ಕೈಮುಗಿಯುವ ಕೈಯೇ ಅದರ ಅದಿರನ್ನೂ ತೂಗಿತು. ಭಕ್ತಿ ತಾನಾಗಿಯೇ ಗುಡ್ಡವನ್ನು ಕಾಯುತ್ತದೆ ಎಂಬ ಮಾತನ್ನು ಇನ್ನು ಈ ಜಿಲ್ಲೆಯಲ್ಲಿ ಹೇಳಲಿಕ್ಕಾಗದು. ಮೂರ್ತಿಗೆ ಬೇರೆಡೆ ಗುಡಿ ಕಟ್ಟಿಕೊಟ್ಟರಾಯಿತು ಎಂದುಕೊಂಡ ಕ್ಷಣಕ್ಕೇ ಗುಡ್ಡ ಬರಿಯ ಕಲ್ಲಾಗಿಬಿಡುತ್ತದೆ.

ಹಾಗೆಂದು ಧರ್ಮವನ್ನು ಪಾಠದಿಂದ ಹೊರಗಿಡುವುದೂ ಸಲ್ಲದು. ಎಳ್ಳ ಅಮಾವಾಸ್ಯೆಯ ದಿನ ಎರೆ ಹೊಲಗಳಲ್ಲಿ ನಡೆಯುವುದನ್ನು ಕಂಡವರಿಗೆ ಇದು ಗೊತ್ತು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ಒಬ್ಬರು ಎಡೆಯನ್ನು ಬೆಳೆಯ ಮೇಲೆ ಚೆಲ್ಲುತ್ತ ಹೊಲ ಸುತ್ತುತ್ತಾರೆ. ಅದೇ ಚರಗ. ಕಾಳು ತುಂಬುತ್ತಿರುವ ಬಿಳಿಜೋಳಕ್ಕೆ, ಭೂಮಿತಾಯಿಗೆ, ಅಲ್ಲಿಯ ಹಕ್ಕಿ ಹುಳುಗಳಿಗೆ ಸಲ್ಲುವ ಪಾಲು ಅದು. ಮನೆಯ ಊಟದಲ್ಲಿ ಮನುಷ್ಯನಲ್ಲದ ಜೀವಕ್ಕೂ ಹಕ್ಕಿದೆ ಎಂದು ಯಾವ ಸುತ್ತೋಲೆಯೂ ಇಲ್ಲದೆ ಮಗು ಅಲ್ಲಿ ಕಲಿಯುತ್ತದೆ.

ಇದೇ ಎರೆ ಹೊಲಗಳಲ್ಲಿ ಇನ್ನೊಂದು ಜೀವವಿದೆ. ಎರೆಭೂತ ಎಂದು ಕನ್ನಡದಲ್ಲಿ ಕರೆಸಿಕೊಳ್ಳುವ ದೊಡ್ಡ ಹಕ್ಕಿ, ಗ್ರೇಟ್ ಇಂಡಿಯನ್ ಬಸ್ಟರ್ಡ್. ಗಂಡು ಹಕ್ಕಿ 15 ಕಿಲೋವರೆಗೂ ತೂಗುತ್ತದೆ, ಹೆಣ್ಣು ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಇಡೀ ದೇಶದಲ್ಲಿ ಉಳಿದಿರುವುದು 200ಕ್ಕಿಂತ ಕಡಿಮೆ, ಕರ್ನಾಟಕದಲ್ಲಿ ಸಿರುಗುಪ್ಪದ ಸೀಮೆಯಲ್ಲಿ ಬೆರಳೆಣಿಕೆಯಷ್ಟು. 2011ರಿಂದ ಅದು ಅಳಿವಿನ ತುದಿಗೆ ಬಂದ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ. ಇದನ್ನು ಕೊಲ್ಲುತ್ತಿರುವುದು ಬೇಟೆಗಾರನೊಬ್ಬನೇ ಅಲ್ಲ. ಮಳೆಯಾಶ್ರಿತ ಜೋಳ ಕಡಲೆಯ ಬಯಲು ನೀರಾವರಿಗೆ ಬಂದು ಗದ್ದೆಯಾಗುವುದು, ಬಯಲಿನ ಮೇಲೆ ಹಾಯುವ ವಿದ್ಯುತ್ ತಂತಿಗಳು, ಇವೂ ಅದಕ್ಕೆ ಮೃತ್ಯು. ಈ ಹಕ್ಕಿ ನೇರವಾಗಿ ಮುಂದೆ ನೋಡುವುದು ಕಡಿಮೆ, ಭಾರದ ಮೈ, ತಂತಿ ಎದುರಾದಾಗ ತಟ್ಟನೆ ತಿರುಗಲಾರದು. ಚರಗ ಚೆಲ್ಲುವ ರೈತನಿಗೆ ಈ ಹಕ್ಕಿಯ ಮೇಲೆ ಹಗೆಯಿಲ್ಲ. ಆದರೆ ಕಾಲುವೆ ನೀರು ಬಂದರೆ ಜೋಳ ಬಿಟ್ಟು ಭತ್ತ ಹಾಕುತ್ತಾನೆ, ಹಾಕಲೇಬೇಕು, ಸಾಲ ತೀರಬೇಕಲ್ಲ. ದಯೆ ಇದ್ದೂ ಜೀವ ಉಳಿಯದ ಸ್ಥಿತಿ ಇದು. ಪಕ್ಕದಲ್ಲಿ ಕೂತ ಪ್ರಾಣಿಗೆ ಮರುಗುವುದನ್ನು ಹಬ್ಬ ಕಲಿಸಬಹುದು. ಕಾಲುವೆ, ತಂತಿ, ಬೆಲೆ, ಸಾಲ ಇವುಗಳ ಮೂಲಕ ದೂರದಿಂದ ಆಗುವ ಹಿಂಸೆಯನ್ನು ಕಾಣಬೇಕಾದರೆ ಓದು ಬೇಕು, ಲೆಕ್ಕ ಬೇಕು. ಶಾಲೆಯ ಅಗತ್ಯ ಇರುವುದು ಅಲ್ಲಿ.

ಲೆಕ್ಕದ ಮಾತಿಗೆ ಅಶೋಕನ ಹತ್ತಿರವೇ ಮರಳಬೇಕು. ಅವನ ಮೊದಲನೆಯ ದೊಡ್ಡ ಬಂಡೆ ಶಾಸನ ಶುರುವಾಗುವುದು ಪ್ರಾಣಿಬಲಿ ಬೇಡ ಎಂಬ ಆಜ್ಞೆಯಿಂದ. ಆದರೆ ಆಜ್ಞೆಯ ಬೆನ್ನಿಗೇ ದೊರೆ ತನ್ನ ಅಡುಗೆಮನೆಯ ಬಾಗಿಲು ತೆರೆಯುತ್ತಾನೆ. ಹಿಂದೆ ಅಲ್ಲಿ ದಿನವೂ ಲಕ್ಷಗಟ್ಟಲೆ ಪ್ರಾಣಿ ಸಾಯುತ್ತಿದ್ದವು, ಈಗ ಮೂರು: ಎರಡು ನವಿಲು, ಒಂದು ಜಿಂಕೆ, ಆ ಜಿಂಕೆಯೂ ದಿನಾ ಅಲ್ಲ, ಮುಂದೆ ಈ ಮೂರೂ ಇರುವುದಿಲ್ಲ. ಈ ಲೆಕ್ಕದಲ್ಲಿ ಶುದ್ಧತೆಯ ಹೆಮ್ಮೆಯಿಲ್ಲ. ಮೂರು ಇನ್ನೂ ಉಳಿದಿವೆ ಎಂದು ಒಪ್ಪಿಕೊಂಡು, ಅದನ್ನು ಊರೂರಿನ ಬಂಡೆಗೆ ಕೆತ್ತಿಸಿದ ಧೈರ್ಯವಿದೆ. ನಿಟ್ಟೂರು ಉಡೇಗೋಳಗಳ ಲಘು ಶಾಸನದಲ್ಲೂ ಇದೇ ದನಿ: ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಕಳೆದರೂ ಮೊದಮೊದಲು ತಾನು ಹೆಚ್ಚು ಶ್ರಮಿಸಲಿಲ್ಲ ಎಂಬ ಒಪ್ಪಿಗೆ, ಶ್ರಮಿಸಿದರೆ ದೊಡ್ಡವರಷ್ಟೇ ಸಣ್ಣವರೂ ಫಲ ಪಡೆಯುತ್ತಾರೆಂಬ ಭರವಸೆ. ಪಟ್ಟಕ್ಕೆ ಬಂದು 27 ವರ್ಷವಾದ ಮೇಲೆ ಬರೆಸಿದ ಏಳನೆಯ ಸ್ತಂಭ ಶಾಸನದಲ್ಲಿ ಅವನು ಇನ್ನೂ ಮುಂದೆ ಹೋದ. ಕಟ್ಟಳೆಯಿಂದ ಆದದ್ದು ಅಲ್ಪ, ಜನ ತಾವಾಗಿ ಆಲೋಚಿಸಿ ಒಪ್ಪಿದ್ದರಿಂದ ಆದದ್ದೇ ಹೆಚ್ಚು ಎಂದ. ಡಂಗುರ ಹೊಡೆಸಿದ ದೊರೆಯೇ ಡಂಗುರದ ಮಿತಿಯನ್ನು ಒಪ್ಪಿದ.

ಅವನನ್ನು ಪೂರ್ತಿ ಆದರ್ಶವೆಂದು ಹೊಗಳುವಂತೆಯೂ ಇಲ್ಲ. ಕಳಿಂಗದ ಪಶ್ಚಾತ್ತಾಪವಿರುವ ಹದಿಮೂರನೆಯ ಶಾಸನದಲ್ಲೇ ಕಾಡಿನ ಜನಕ್ಕೆ ಗದರಿಕೆಯೂ ಇದೆ: ದೊರೆಗೆ ಕರುಣೆಯಿದೆ, ಆದರೆ ಶಕ್ತಿಯೂ ಇದೆ, ನೆನಪಿರಲಿ ಎಂಬ ಧಾಟಿಯಲ್ಲಿ. ಮೃಗಗಳಿಗೆ ದಯೆ, ಕಾಡಿನ ಮನುಷ್ಯರಿಗೆ ಬೆದರಿಕೆ. ಅರಣ್ಯ ರಕ್ಷಣೆಯ ಹೆಸರಿನಲ್ಲಿ ಕಾಡಿನವರನ್ನು ಒಕ್ಕಲೆಬ್ಬಿಸುವ ಇಂದಿನ ಜಗಳಕ್ಕೂ ಇದಕ್ಕೂ ಬಹಳ ದೂರವಿಲ್ಲ. ಪಠ್ಯದಲ್ಲಿ ಈ ಭಾಗವನ್ನೂ ಮಕ್ಕಳಿಗೆ ಓದಿಸಬೇಕು.

ಇಂದಿನ ಶಾಲೆಯಲ್ಲಿ ಕಾಣೆಯಾಗಿರುವುದು ಆ ಅಡುಗೆಮನೆಯ ಲೆಕ್ಕ. ಸಂವಿಧಾನದ 51ಎ (ಜಿ) ವಿಧಿ ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದನ್ನೂ ಜೀವಿಗಳಲ್ಲಿ ದಯೆ ತೋರುವುದನ್ನೂ ಪ್ರತಿ ಪ್ರಜೆಯ ಕರ್ತವ್ಯವೆನ್ನುತ್ತದೆ. 1976ರ 42ನೇ ತಿದ್ದುಪಡಿಯಿಂದ ಬಂದ ಮಾತು ಅದು. ಪಾಠ ಹೇಳುವ ರಾಜ್ಯ ಪ್ಲಾಸ್ಟಿಕ್ ಎಸೆಯಬೇಡ, ನಲ್ಲಿ ತಿರುಗಿಸಿ ಹೋಗು ಎಂದು ಮಗುವಿಗೆ ಬುದ್ಧಿ ಹೇಳುತ್ತದೆ. ಅದೇ ರಾಜ್ಯ ಕೊಟ್ಟ ಗಣಿ ಗುತ್ತಿಗೆಗಳ ಕಥೆ ಆ ಪಾಠದಲ್ಲಿ ಇರುವುದಿಲ್ಲ. ಅದನ್ನು ಬಲ್ಲ ಮಗು ಬಳ್ಳಾರಿಯಲ್ಲಿ ಮನೆಮನೆಯಲ್ಲೂ ಇದೆ. ಅಪ್ಪ ಟಿಪ್ಪರ್ ಓಡಿಸಿದ್ದು, ಆಮೇಲೆ ಕೆಲಸ ನಿಂತದ್ದು, ಅಜ್ಜಿಯ ಕೆಮ್ಮು, ಎಲ್ಲವೂ ಅದಕ್ಕೆ ಗೊತ್ತು. ತಾನು ಕಂಡದ್ದು ಪಾಠದಲ್ಲಿಲ್ಲ ಎಂದಾದಾಗ ಮಗು ಪಾಠವನ್ನು ನಂಬುವುದನ್ನು ಬಿಡುತ್ತದೆ. ಉತ್ತರ ಬರೆದು ಅಂಕ ತೆಗೆದುಕೊಳ್ಳುತ್ತದೆ, ಅಷ್ಟೆ.

ಬೋಧಿಸಲು ಬೇಕಾದ ಸಾಮಗ್ರಿ ಸಾರ್ವಜನಿಕವಾಗಿಯೇ ಇದೆ. ಅಕ್ರಮ ಗಣಿಗಾರಿಕೆಯ ಬಗ್ಗೆ ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈ 27ರಂದು ಬಂತು. ಎರಡು ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆಯ ತೀರ್ಪು ಬಂದದ್ದು 2013ರ ಏಪ್ರಿಲ್ 18ರಂದು. ಅತಿ ಹೆಚ್ಚು ಅಕ್ರಮ ನಡೆದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ವರ್ಷಕ್ಕೆ ಇಷ್ಟೇ ಅದಿರು ತೆಗೆಯಬೇಕೆಂಬ ಮಿತಿ ಬಂತು: ಬಳ್ಳಾರಿಗೆ ಎರಡೂವರೆ ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 50 ಲಕ್ಷ ಟನ್. ಆ ಮಿತಿ 2017ರಲ್ಲಿ 2.8 ಕೋಟಿ ಮತ್ತು 70 ಲಕ್ಷ ಟನ್‌ಗೆ ಏರಿತು, 2022ರಲ್ಲಿ 3.5 ಕೋಟಿ ಮತ್ತು ಒಂದೂವರೆ ಕೋಟಿ ಟನ್‌ಗೆ. ಎಂಟನೇ ತರಗತಿಯ ಗಣಿತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ? ಒಂದು ಟಿಪ್ಪರಿಗೆ ಎಷ್ಟು ಟನ್ ಹಿಡಿಸುತ್ತದೆಂದು ಕೇಳಿದರೆ ಉತ್ತರ ಹೇಳುವ ಮಕ್ಕಳು ಎದುರಿಗೇ ಕೂತಿರುತ್ತಾರೆ. ಮಿತಿ ಏರಿಸಬೇಕಿತ್ತೆ, ಬೇಡವಿತ್ತೆ, ಯಾರ ಹೊಟ್ಟೆ ತುಂಬಿತು, ಯಾರ ಬೋರ್‌ವೆಲ್ ಬತ್ತಿತು ಎಂಬ ಚರ್ಚೆ ತರಗತಿಯಲ್ಲೇ ನಡೆಯಲಿ. ಮೇಷ್ಟ್ರಿಗೆ ಎಲ್ಲಕ್ಕೂ ಉತ್ತರ ಗೊತ್ತಿರಬೇಕಾಗಿಲ್ಲ.

ಇನ್ನೊಂದು ಲೆಕ್ಕ ಈಗಲೇ ನಡೆಯುತ್ತಿದೆ. ಹರಾಜಿನ ಅದಿರಿನ ಪಾಲಿನಿಂದ ಬಂದ ಹಣದಲ್ಲಿ ಗಣಿಬಾಧಿತ ಪ್ರದೇಶಗಳನ್ನು ಸರಿಪಡಿಸಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವಿದೆ. 24 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಯೋಜನೆ ಅದರ ಕೈಯಲ್ಲಿದೆ. 2022ರಲ್ಲಿ ಅದಕ್ಕೆ ದಾರಿ ಮಾಡಿಕೊಟ್ಟ ಸುಪ್ರೀಂ ಕೋರ್ಟ್, ಮೇಲ್ವಿಚಾರಣೆಗೆ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಆ ಹಣದಲ್ಲಿ ಯಾವ ಊರಿಗೆ ಕುಡಿಯುವ ನೀರು ಬಂತು, ಯಾವ ಗುಡ್ಡದ ಮೇಲೆ ಯಾವ ಜಾತಿಯ ಗಿಡ ನೆಟ್ಟರು, ಹುಬ್ಬೆ ಮಳೆ ಮುಗಿಯುವ ಹೊತ್ತಿಗೆ ಎಷ್ಟು ಬದುಕಿದವು ಎಂಬುದನ್ನು ಸಂಡೂರು, ಕುರುಗೋಡು, ಸಿರುಗುಪ್ಪದ ಶಾಲೆಗಳ ಇಕೋ ಕ್ಲಬ್ಬಿನ ಮಕ್ಕಳೇ ಎಣಿಸಿ ಗೋಡೆಗೆ ಬರೆಯಬಹುದು. ನಿಗಮದ ಅಂಕಿಯೂ ಮಕ್ಕಳ ಅಂಕಿಯೂ ಅಕ್ಕಪಕ್ಕ ಇರಲಿ. ಎರಡೂ ತಾಳೆಯಾಗದಿದ್ದರೆ ತಾಲ್ಲೂಕು ಪಂಚಾಯಿತಿಯ ಸಭೆಯಲ್ಲಿ ಏಕೆಂದು ಕೇಳುವ ಹಕ್ಕು ಆ ಮಕ್ಕಳಿಗೂ ಅವರ ಮೇಷ್ಟ್ರಿಗೂ ಇರಬೇಕು. ಅಂಥ ಒಂದು ಪ್ರಶ್ನೆ ಕೇಳಿದ್ದಕ್ಕೆ ಮೇಷ್ಟ್ರಿಗೆ ವರ್ಗಾವಣೆಯ ಆದೇಶ ಬಾರದಂತೆ ನೋಡಿಕೊಳ್ಳುವುದು ಶಿಕ್ಷಣ ಇಲಾಖೆಯ ಕೆಲಸ.