ಅಗತ್ಯವನ್ನು ಅಳೆಯುವವರು ಯಾರು?

ಅರಿಯದೆ ಮಾಡಿದ ಅಪರಾಧಕ್ಕೆ ಕ್ಷಮೆಯುಂಟು. ಅರಿತು ಮಾಡಿದುದಕ್ಕೆ ಸಮರ್ಥನೆಯೊಂದೇ ಆಶ್ರಯ. ಸಮರ್ಥನೆಗಳಲ್ಲೆಲ್ಲ ಬಲವಾದುದು ‘ಅಗತ್ಯ’ವೆಂಬ ಮಾತು. ‘ನನಗೆ ಬೇರೆ ಗತಿಯಿರಲಿಲ್ಲ’ ಎಂದವನ ಮುಂದೆ ನೀತಿಶಾಸ್ತ್ರವೂ ಕ್ಷಣಕಾಲ ಮೌನ ತಾಳುತ್ತದೆ. ಆದರೆ ಗತಿಯಿಲ್ಲವೆಂದು ನಿಶ್ಚಯಿಸುವವರು ಯಾರು? ಮೀಥೈಲ್ ಬ್ರೋಮೈಡ್ ಎಂಬ ಕೀಟನಾಶಕದ ಚರಿತ್ರೆಯನ್ನು ಓದಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅದು ಬಣ್ಣವಿಲ್ಲದ ಅನಿಲ; ಅಲ್ಪ ಪ್ರಮಾಣದಲ್ಲಿ ವಾಸನೆಯೂ ಇಲ್ಲ. ನಾಟಿಗೆ ಮುನ್ನ ಅದನ್ನು ಮಣ್ಣಿನೊಳಕ್ಕೆ ಹೊಗಿಸಿ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಹುಳು, ಬೇರುಜಂತು, ಶಿಲೀಂಧ್ರ, ಕಳೆಯ ಬೀಜಗಳೆಲ್ಲವೂ ಬೇಕಾದುದು ಬೇಡವಾದುದೆಂಬ ಭೇದವಿಲ್ಲದೆ ಸಾಯುತ್ತವೆ. ಮನುಷ್ಯನ ನರಮಂಡಲಕ್ಕೂ ಅದು ವಿಷವೇ. ವಾಸನೆಯಿಲ್ಲದ ಕಾರಣ, ಕೆಲಸಗಾರರಿಗೆ ಎಚ್ಚರಿಕೆಯಾಗಲೆಂದು ಕಣ್ಣೀರು ಬರಿಸುವ ಕ್ಲೋರೋಪಿಕ್ರಿನ್ ಎಂಬ ಇನ್ನೊಂದು ವಿಷವನ್ನು ಅದರೊಡನೆ ಬೆರೆಸುವುದುಂಟು. ಒಂದು ವಿಷದ ಇರವನ್ನರಿಯಲು ಮತ್ತೊಂದು ವಿಷದಿಂದ ಅಳಬೇಕಾದ ಈ ಏರ್ಪಾಡನ್ನು ನೆನೆದಷ್ಟೂ ಖೇದವಾಗುತ್ತದೆ.

ಮಣ್ಣಿನಿಂದ ತಪ್ಪಿಸಿಕೊಂಡ ಅನಿಲದ ಒಂದು ಪಾಲು ಮೇಲೇರಿ ಸ್ತರಗೋಳವನ್ನು ಸೇರುತ್ತದೆ. ಅಲ್ಲಿ ಬಿಡುಗಡೆಯಾಗುವ ಬ್ರೋಮಿನ್, ಪರಮಾಣುವಿಗೆ ಪರಮಾಣು ಹೋಲಿಸಿದರೆ, ಕ್ಲೋರಿನ್ನಿಗಿಂತ ಸುಮಾರು 60 ಪಟ್ಟು ಉಗ್ರವಾಗಿ ಓಜೋನನ್ನು ನಾಶಮಾಡುತ್ತದೆ. ಶೀತಕ ಯಂತ್ರಗಳ ಕ್ಲೋರೋಫ್ಲೋರೋಕಾರ್ಬನ್ನುಗಳಿಂದ ಈ ಪದರಕ್ಕೆ ಅಪಾಯವಿದೆಯೆಂದು ಮೊಲೀನಾ ಮತ್ತು ರೋಲೆಂಡ್ 1974ರಲ್ಲಿ ತಿಳಿಸಿದ್ದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಣ ಓಜೋನ್ ಕ್ಷಯ ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸೇರಿದ ರಾಷ್ಟ್ರಗಳು ಮೀಥೈಲ್ ಬ್ರೋಮೈಡನ್ನೂ ಆ ಒಪ್ಪಂದದ ಅಂಕೆಗೆ ತಂದವು. ಅಂದಿನಿಂದ ‘ಅರಿಯೆವು’ ಎನ್ನುವ ಅವಕಾಶ ಯಾರಿಗೂ ಉಳಿಯಲಿಲ್ಲ.

ಅಭಿವೃದ್ಧಿ ಹೊಂದಿದ ದೇಶಗಳು 2005ರೊಳಗೆ, ಉಳಿದವು 2015ರೊಳಗೆ ಇದರ ಬಳಕೆಯನ್ನು ನಿಲ್ಲಿಸತಕ್ಕದ್ದೆಂದು ಮುಂದೆ ನಿರ್ಧಾರವಾಯಿತು. ಆದರೆ ‘ಅತ್ಯಗತ್ಯ ಬಳಕೆ’ ಎಂಬ ಒಂದು ಬಾಗಿಲು ತೆರೆದಿತ್ತು. ಪರ್ಯಾಯವಿಲ್ಲದಿದ್ದಲ್ಲಿ, ಮತ್ತು ಈ ವಸ್ತು ದೊರೆಯದೆ ಮಾರುಕಟ್ಟೆಗೆ ಗಣನೀಯ ವ್ಯತ್ಯಯವಾಗುವಂತಿದ್ದಲ್ಲಿ, ವಿನಾಯಿತಿ ಕೇಳಬಹುದಿತ್ತು. ಅಮೆರಿಕ 2005ನೆಯ ವರ್ಷಕ್ಕಾಗಿ ಪಡೆದ ವಿನಾಯಿತಿಯು ಅದರ 1991ರ ಬಳಕೆಯ ಮೂರನೆಯ ಒಂದು ಪಾಲನ್ನೂ ಮೀರಿತ್ತು. ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲಗಳಿಗೆ ಈ ವಿನಾಯಿತಿ 2016ರವರೆಗೂ ನಡೆಯಿತು.

ಸ್ಟ್ರಾಬೆರಿಯು ಅನ್ನವಲ್ಲ, ಅದಿಲ್ಲದೆ ಯಾರೂ ಉಪವಾಸ ಬೀಳರು. ಹಾಗೆಂದು ಬೆಳೆಗಾರನನ್ನು ಹಳಿದು ಸುಮ್ಮನಾಗುವುದು ಸುಲಭವಾದರೂ ನ್ಯಾಯವಲ್ಲ. ರೋಗ ತಗುಲಿದ ಹೊಲವೊಂದು ವರ್ಷದ ದುಡಿಮೆಯನ್ನೆಲ್ಲ ನುಂಗಬಲ್ಲುದು. ಒಕ್ಕಲುತನದ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಅವನ ಅಂಜಿಕೆ ನಿಜವೇ. ನನ್ನ ಆಕ್ಷೇಪಣೆಯಿರುವುದು ಅಳತೆಗೋಲಿನ ಮೇಲೆ. ಮಾರುಕಟ್ಟೆಯ ವ್ಯತ್ಯಯವನ್ನು ಲೆಕ್ಕಿಸುವಾಗ ಕೊಳ್ಳುವವನೂ ಮಾರುವವನೂ ಲೆಕ್ಕದಲ್ಲಿದ್ದಾರೆ. ನೇರಳಾತೀತ ಕಿರಣಗಳಿಗೆ ಮೈಯೊಡ್ಡುವ, ಇನ್ನೂ ಹುಟ್ಟದಿರುವ ಕೂಸು ಆ ಸಂತೆಗೆ ಬಂದೇ ಇಲ್ಲ. ಬಾರದವನ ಪರವಾಗಿ ತಕ್ಕಡಿ ಹಿಡಿಯುವವರು ಯಾರು? ಶರಣರು ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸಿದರು. ಅರ್ಪಿಸುವ ಮುನ್ನ ಅದು ಬಂದ ದಾರಿಯನ್ನು ಶೋಧಿಸುವುದೂ ಆ ಕ್ರಿಯೆಯ ಭಾಗವೆಂದೇ ನಾನು ಭಾವಿಸಿದ್ದೇನೆ. ಸತ್ಯಶುದ್ಧ ಕಾಯಕವೆಂಬ ಮಾತಿಗೆ ಬೇರೆ ಅರ್ಥವೇನಿದ್ದೀತು?

ಸಮುದ್ರವೂ ಸ್ವಭಾವತಃ ಈ ಅನಿಲವನ್ನು ಹೊರಬಿಡುತ್ತದೆಯಲ್ಲ ಎಂಬ ವಾದವುಂಟು. ಸಮುದ್ರಕ್ಕೆ ವಿವೇಕವಿಲ್ಲ, ವಿನಾಯಿತಿಗೆ ಅರ್ಜಿ ಬರೆಯಬಲ್ಲವನಿಗೆ ಇದೆ.

ಇನ್ನೂ ಕಠಿಣವಾದ ಸಂದಿಗ್ಧವೊಂದು ಉಳಿದಿದೆ. ಮೀಥೈಲ್ ಬ್ರೋಮೈಡಿಗೆ ಬದಲಾಗಿ ಮೀಥೈಲ್ ಅಯೊಡೈಡನ್ನು ಮುಂದಿಟ್ಟರು. ಬಿಸಿಲಿನಲ್ಲಿ ಬೇಗನೆ ಒಡೆಯುವುದರಿಂದ ಅದು ಓಜೋನಿಗೆ ಹೇಳಿಕೊಳ್ಳುವಷ್ಟು ಹಾನಿ ಮಾಡದು. ಆದರೆ ಕ್ಯಾಲಿಫೋರ್ನಿಯಾ ಅದನ್ನು ಕ್ಯಾನ್ಸರ್‌ಕಾರಕವೆಂದು ಮೊದಲೇ ಪಟ್ಟಿಮಾಡಿತ್ತು. 2007ರಲ್ಲಿ ನೊಬೆಲ್ ಪುರಸ್ಕೃತರೂ ಸೇರಿದಂತೆ 50ಕ್ಕೂ ಹೆಚ್ಚು ವಿಜ್ಞಾನಿಗಳು ಅದನ್ನು ಬಳಕೆಗೆ ಬಿಡಬೇಡಿರೆಂದು ಅಮೆರಿಕ ಸರ್ಕಾರಕ್ಕೆ ಬರೆದರು. ಆದರೂ ಅದೇ ವರ್ಷ ಅಲ್ಲಿ ಅನುಮತಿ ದೊರೆಯಿತು. 2010ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾವೂ ಒಪ್ಪಿತು. 2012ರ ಮಾರ್ಚಿನಲ್ಲಿ ತಯಾರಕರೇ ಅದನ್ನು ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಆಕಾಶವನ್ನು ಕಾಯುವ ಭರದಲ್ಲಿ ಹೊಲದ ಕೂಲಿಯವನ ಉಸಿರನ್ನು ಒತ್ತೆಯಿಡಲು ಹೊರಟಿದ್ದರು. ಲೋಕಹಿತವೆಂಬ ದೊಡ್ಡ ಮಾತು ಎದುರಿಗೆ ನಿಂತಿರುವ ಒಬ್ಬ ಜಂಗಮನನ್ನು ಮರೆತರೆ ಅದು ಯಾವ ಲೋಕದ ಹಿತ?

ನಿರಾಶರಾಗಲು ಕಾರಣವಿಲ್ಲ. ಈಗಿನ ನೀತಿಗಳು ಮುಂದುವರಿದರೆ ಅಂಟಾರ್ಕ್ಟಿಕದ ಮೇಲಣ ಪದರವು ಸುಮಾರು 2066ರ ಹೊತ್ತಿಗೆ 1980ರ ಮಟ್ಟಕ್ಕೆ ಮರಳೀತೆಂದು 2022ರ ವೈಜ್ಞಾನಿಕ ವರದಿ ಅಂದಾಜಿಸಿದೆ. ಆದರೂ ಸರಕಿನೊಡನೆ ಕೀಟಗಳು ದೇಶಾಂತರ ಹೋಗದಂತೆ ತಡೆಯುವ ಕೆಲಸಕ್ಕೆ ಮೀಥೈಲ್ ಬ್ರೋಮೈಡನ್ನು ಬಳಸಲು ಒಪ್ಪಂದವು ಇಂದಿಗೂ ಎಡೆಗೊಟ್ಟಿದೆ. ಐರೋಪ್ಯ ಒಕ್ಕೂಟ ಮಾತ್ರ 2010ರ ಮಾರ್ಚಿನಿಂದ ಆ ಅವಕಾಶವನ್ನೂ ತೊರೆದಿದೆ. ಹಡಗಿನಲ್ಲಿ ಬರುವ ಮರದ ಪೆಟ್ಟಿಗೆಗಳ ಮೇಲೆ ಮುದ್ರೆಯಿರುತ್ತದೆ: ಕಾಯಿಸಿ ಶುದ್ಧಿಮಾಡಿದುದಾದರೆ ‘ಎಚ್.ಟಿ.’, ಈ ಅನಿಲದಿಂದಾದರೆ ‘ಎಂ.ಬಿ.’. ನಮ್ಮೂರಿನ ಬಡಗಿಯೊಬ್ಬನು ಅಂಥ ಹಲಗೆಗಳನ್ನು ಕೊಂಡು ತಂದು ಊಟದ ಮಣೆಗಳನ್ನು ಮಾಡುತ್ತಾನೆ. ಒಂದು ಹಲಗೆಯ ಮೇಲಿದ್ದ ‘ಎಂ.ಬಿ.’ಯನ್ನು ತೋರಿಸಿ, ಇದೇನೆಂದು ಬಲ್ಲೆಯಾ ಎಂದು ಕೇಳಿದೆ. ‘ಕಂಪನಿಯ ಹೆಸರಿರಬೇಕು’ ಎಂದು ಅವನು ಉಜ್ಜುಗೊರಡಿನಿಂದ ಅದನ್ನು ಹೆರೆದುಹಾಕಿದನು.