ನಮ್ಮದಲ್ಲದ್ದನ್ನು ಕೊಡಬಹುದೇ?

ಕಳೆದ ತಿಂಗಳ ಒಂದು ಭಾನುವಾರ ಪೂಜೆ ಮುಗಿಸಿಕೊಂಡು ಆರ್.ಟಿ. ನಗರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಒಳಗೆ ಕಾಲಿಡುತ್ತಿದ್ದಂತೆಯೇ ಅಕ್ಕನ ದೂರು ಶುರುವಾಯಿತು: "ನೋಡೋ, ನಿನ್ನ ಅಳಿಯ ಎರಡು ತಿಂಗಳಿಂದ ದೆವ್ವಗಳ ಜೊತೆ ಕೂತಿದ್ದಾನೆ. ನೀನಾದರೂ ಬುದ್ಧಿ ಹೇಳು."

ಯಲಹಂಕದ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಅವನು. ನಾಚಿಕೊಂಡೇ ಅಂಗೈಯಗಲದ ಆಟದ ಯಂತ್ರವೊಂದನ್ನು ನನ್ನ ಕೈಗಿತ್ತ. ಪುಟ್ಟ ಪರದೆಯಲ್ಲಿ ಬಂದೂಕು ಹಿಡಿದ ಕೈಯೊಂದು ಕಾಣುತ್ತಿತ್ತು. ಆಡುವವನ ಕಣ್ಣಿಗೆ ಏನು ಬೀಳುತ್ತದೋ ಅದೇ ಪರದೆಯ ಮೇಲೆ. ಎದುರಿಗೆ ನರಕದಿಂದ ಎದ್ದು ಬಂದಂತಿದ್ದ ಪಿಶಾಚಿಗಳು. ಅಕ್ಕನ ಆತಂಕ ಸುಳ್ಳಲ್ಲ. ಚಿಕ್ಕ ಮಕ್ಕಳ ಕೈಗೆ ಕೊಡುವ ಆಟವಲ್ಲ ಇದು. ಇದೇ ಆಟ 2001ರಲ್ಲಿ 'ಗೇಮ್ ಬಾಯ್ ಅಡ್ವಾನ್ಸ್' ಎಂಬ ಕೈಯಂತ್ರಕ್ಕೆ ಬಂದಾಗ ರಕ್ತದ ಬಣ್ಣವನ್ನು ಹಸಿರು ಮಾಡಿದ್ದರಂತೆ. ನಾವು ಹಿರಿಯರೂ ಸಾಮಾನ್ಯವಾಗಿ ಆ ಬಣ್ಣವನ್ನು ನೋಡಿ ಮಾತಾಡುತ್ತೇವೆ. ನಾನೂ ಆ ದಿನ ಅಷ್ಟನ್ನೇ ಮಾತಾಡಿ ಎದ್ದುಬಿಡುತ್ತಿದ್ದೆನೇನೋ.

"ಮಾವ, ಇದನ್ನು ನಾನು ಬರೆದಿಲ್ಲ. ಬರೆದವರು ಕೊಟ್ಟದ್ದನ್ನು ಈ ಯಂತ್ರಕ್ಕೆ ಒಗ್ಗಿಸಿದ್ದೇನೆ ಅಷ್ಟೆ," ಎಂದ.

ಆಮೇಲೆ ಅವನು ಹೇಳಿದ್ದು ಇದು. ಆಟದ ಹೆಸರು 'ಡೂಮ್'. ಅಮೆರಿಕದ ಟೆಕ್ಸಾಸ್‌ನ 'ಇಡ್ ಸಾಫ್ಟ್‌ವೇರ್' ಎಂಬ ಸಣ್ಣ ತಂಡ 1993ರ ಡಿಸೆಂಬರ್‌ನಲ್ಲಿ ಇದನ್ನು ಹೊರತಂದಿತು. ಆಗಿನ 386 ಕಂಪ್ಯೂಟರ್ ಮತ್ತು 4 ಎಂ.ಬಿ. ಮೆಮೊರಿ ಇದ್ದರೆ ಸಾಕಿತ್ತು. ಮೂರು ಭಾಗಗಳ ಆಟದಲ್ಲಿ ಮೊದಲನೆಯದನ್ನು ಉಚಿತವಾಗಿ ಹಂಚಲು ಬಿಟ್ಟರು. ಉಳಿದೆರಡಕ್ಕೆ ಹಣ ಕೊಡಬೇಕಿತ್ತು. ನಾಲ್ಕು ವರ್ಷಗಳ ನಂತರ, 1997ರ ಡಿಸೆಂಬರ್‌ನಲ್ಲಿ, ಆ ತಂಡದ ಜಾನ್ ಕಾರ್ಮ್ಯಾಕ್ ಆಟವನ್ನು ನಡೆಸುವ ಮೂಲ ಪ್ರೋಗ್ರಾಂ ಅನ್ನೇ ಲೋಕಕ್ಕೆ ಬಿಟ್ಟುಕೊಟ್ಟರು. 1999ರಲ್ಲಿ ಅದಕ್ಕೆ ಇನ್ನಷ್ಟು ಉದಾರವಾದ ಪರವಾನಗಿ ಬಂತು: ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು; ಆದರೆ ತಿದ್ದಿ ಹಂಚಿದವರು ತಮ್ಮ ತಿದ್ದುಪಡಿಯನ್ನೂ ಪಡೆದವರಿಗೆ ತೆರೆದು ಕೊಡಬೇಕು.

ಅಂದಿನಿಂದ ಲೋಕದ ಹುಡುಗರು ಇದನ್ನು ಸಿಕ್ಕಸಿಕ್ಕ ಯಂತ್ರಕ್ಕೆಲ್ಲ ಒಗ್ಗಿಸುತ್ತಲೇ ಇದ್ದಾರೆ. ಅಣ್ಣನ ಅಂಗಿಯನ್ನು ತಮ್ಮನ ಅಳತೆಗೆ ಹೊಲಿಯುವಂಥ ಕೆಲಸ. ಚಿತ್ರವನ್ನು ಪುಟ್ಟ ಪರದೆಗೆ ಹೊಂದಿಸಬೇಕು. ಕೀಬೋರ್ಡಿನ ಅಷ್ಟೊಂದು ಗುಂಡಿಗಳ ಕೆಲಸವನ್ನು ಏಳೆಂಟು ಗುಂಡಿಗಳಿಗೆ ಹಂಚಬೇಕು. ಶಬ್ದ ಹೊರಡಿಸುವ ಭಾಗವನ್ನು ಹೊಸದಾಗಿ ಬರೆಯಬೇಕು. ಅಕ್ಕ ಹೇಳಿದ ಎರಡು ತಿಂಗಳು ಹೋದದ್ದು ಆಟಕ್ಕಲ್ಲ, ಈ ಹೊಲಿಗೆಗೆ.

ಅಷ್ಟರಲ್ಲಿ ಯಶವಂತಪುರದಿಂದ ನನ್ನ ತಮ್ಮನ ಮಗ ಬಂದ. ಎರಡನೆಯ ಪಿ.ಯು.ಸಿ. ಹುಡುಗ. ಅವನ ಕೈಯಲ್ಲೂ ಅಂಥದೇ ಯಂತ್ರ. "ಭಾವ, ನಂಗೂ ಎಲ್ಲಾ ಹಾಕಿಕೊಡು," ಎಂದ. ಅಳಿಯ ತಾನು ಒಗ್ಗಿಸಿದ ಪ್ರೋಗ್ರಾಂ ಹಾಕಿದ, ಉಚಿತವಾದ ಮೊದಲ ಭಾಗವನ್ನೂ ಹಾಕಿದ. ಉಳಿದೆರಡು ಭಾಗಗಳನ್ನು ಮಾತ್ರ ಹಾಕಲಿಲ್ಲ.

"ನಿನ್ನ ಹತ್ತಿರ ಇದೆಯಲ್ಲ?"

"ನಾನು ದುಡ್ಡು ಕೊಟ್ಟು ತಗೊಂಡಿದ್ದು ನನಗೆ. ಹಂಚೋದಕ್ಕೆ ಅವರು ಬಿಟ್ಟಿಲ್ಲ."

ಕಾರ್ಮ್ಯಾಕ್ ಬಿಟ್ಟುಕೊಟ್ಟದ್ದು ಆಟ ನಡೆಸುವ ಎಂಜಿನ್ ಮಾತ್ರ. ರಂಗಮಂಟಪ, ದೀಪ, ಪರದೆ ಇವೆಲ್ಲ ಉಚಿತ, ನಾಟಕ ಉಚಿತವಲ್ಲ. ಆಟದ ಚಿತ್ರ, ಶಬ್ದ, ನಕ್ಷೆಗಳಿರುವ ಕಡತ ಇಂದಿಗೂ ಹಣಕ್ಕೆ ಮಾರಾಟವಾಗುತ್ತದೆ. ಚಿಕ್ಕವನಿಗೆ ಸಿಟ್ಟು ಬಂತು. "ಅದೀಗ ಮೈಕ್ರೋಸಾಫ್ಟ್ ಕಂಪನಿಯದ್ದಂತೆ. ಅವರಿಗೇನು ನಷ್ಟ? ನೀನು ಜಿಪುಣ ಅಷ್ಟೆ!" ಎಂದು ಮುಖ ತಿರುಗಿಸಿ ಕೂತ. ಅಕ್ಕ ನನ್ನ ಮುಖ ನೋಡಿದಳು.

ಪ್ರಿಯ ಓದುಗರೇ, ನಾನು ತಕ್ಷಣ ಉತ್ತರಿಸಲಾರದೆ ಹೋದೆ. ಹಂಚಿ ತಿನ್ನು ಎಂದು ಮಕ್ಕಳಿಗೆ ಕಲಿಸಿದವರು ನಾವೇ. ಇಲ್ಲಿ ಹಂಚದವನು ಸರಿಯೇ? ಒಂದು ಪ್ರತಿ ಮಾಡಿಕೊಂಡರೆ ಮೂಲ ಇದ್ದಲ್ಲೇ ಇರುತ್ತದೆ. ಯಾರ ಜೇಬೂ ಹಗುರವಾಗುವುದಿಲ್ಲ. ಅದು ಹೇಗೆ ಕಳವು? 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಿದ್ದುಪಡಿ ತಂದು, ಕದ್ದ ಪ್ರತಿಯೆಂದು ತಿಳಿದೂ ಕಂಪ್ಯೂಟರ್ ಪ್ರೋಗ್ರಾಂ ಬಳಸುವುದನ್ನು ಶಿಕ್ಷಾರ್ಹ ಅಪರಾಧವಾಗಿಸಿದರು. ಆದರೆ ಕಾಯಿದೆಯ ಭಯದಿಂದ ಬಂದ ಪ್ರಾಮಾಣಿಕತೆ ಪೊಲೀಸರು ಕಾಣುವವರೆಗೆ ಮಾತ್ರ.

ಉತ್ತರ ಸಿಕ್ಕಿದ್ದು ಅಳಿಯ ಹೇಳಿದ ಇನ್ನೊಂದು ಸಂಗತಿಯಿಂದ. 1997ರಲ್ಲಿ ಪ್ರೋಗ್ರಾಂ ಬಿಟ್ಟುಕೊಡುವಾಗ ಕಾರ್ಮ್ಯಾಕ್ ಮೂಲ ಡಾಸ್ ಆವೃತ್ತಿಯನ್ನು ಕೊಡಲಿಲ್ಲ, ಲಿನಕ್ಸ್ ಆವೃತ್ತಿಯನ್ನು ಕೊಟ್ಟರು. ಏಕೆಂದರೆ ಡಾಸ್ ಆವೃತ್ತಿಯ ಶಬ್ದದ ಭಾಗ ಬೇರೆಯವರದು. ಅದನ್ನು ಬಳಸುವ ಹಕ್ಕು ಇವರಿಗಿತ್ತು, ಹಂಚುವ ಹಕ್ಕಿರಲಿಲ್ಲ. ಇಡೀ ಲೋಕಕ್ಕೆ ದಾನ ಮಾಡಲು ಹೊರಟವರೂ ತಮ್ಮದಲ್ಲದ್ದನ್ನು ತೆಗೆದಿಟ್ಟು, ತಮ್ಮದನ್ನಷ್ಟೇ ಕೊಟ್ಟರು.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆ ನಮ್ಮಲ್ಲಿದೆ. ಇನ್ನೊಬ್ಬರ ವಸ್ತುವನ್ನು ಧಾರಾಳವಾಗಿ ಹಂಚುವುದು ಸುಲಭ. ಒಳ್ಳೆಯವರೆಂಬ ಹೆಸರೂ ಬರುತ್ತದೆ. ಕೊಟ್ಟವರು 'ಇಷ್ಟು ನಿಮಗೆ, ಇಷ್ಟು ನಮಗೆ' ಎಂದು ಗೆರೆ ಎಳೆದಿದ್ದಾರೆ. ಆ ಗೆರೆಯನ್ನು ಅವರ ಪರವಾಗಿ ನಾವೇ ಅಳಿಸುವುದು ಕಳವು. ಅವರ ಜೇಬು ಹಗುರವಾಯಿತೋ ಇಲ್ಲವೋ ಎಂಬುದು ಆಮೇಲಿನ ಮಾತು. ಒಡೆಯ ದೊಡ್ಡವನಾದ ಮಾತ್ರಕ್ಕೆ ಏಳನೆಯ ಕಟ್ಟಳೆ ಚಿಕ್ಕದಾಗುವುದಿಲ್ಲ. ಇಷ್ಟೊಂದನ್ನು ಕೇಳದೆಯೇ ಕೊಟ್ಟವರಿಗೆ ನಾವು ಸಲ್ಲಿಸಬಹುದಾದ ಕೃತಜ್ಞತೆ, ಅವರು ಕೊಡದೆ ಉಳಿಸಿಕೊಂಡದ್ದನ್ನು ಮುಟ್ಟದಿರುವುದು.

ಇಷ್ಟು ಹೇಳಿದ ಮೇಲೆ ನನ್ನದೊಂದು ಮಾತನ್ನೂ ಹೇಳಬೇಕು. 1990ರ ದಶಕದ ಕೊನೆಯಲ್ಲಿ, ಮನೆಗೆ ಕಂಪ್ಯೂಟರ್ ಬಂದ ಹೊಸದರಲ್ಲಿ, ಪೇಟೆಯ ಬೀದಿ ಬದಿಯಲ್ಲಿ ನೂರು ರೂಪಾಯಿ ಕೊಟ್ಟು ಮಕ್ಕಳಿಗೊಂದು ಸಿ.ಡಿ. ತಂದಿದ್ದೆ. ಹತ್ತಾರು ಆಟಗಳು, ಎಲ್ಲವೂ ಕದ್ದ ಪ್ರತಿಗಳು. ಅಗ್ಗಕ್ಕೆ ಸಿಕ್ಕಿತೆಂದು ಹೆಮ್ಮೆಪಟ್ಟಿದ್ದೆ. ಎಷ್ಟೋ ಬಾರಿ ಪಾಪನಿವೇದನೆಗೆ ಮಂಡಿಯೂರಿದ್ದೇನೆ, ಆ ಸಿ.ಡಿ. ಒಮ್ಮೆಯೂ ನೆನಪಿಗೆ ಬಂದಿರಲಿಲ್ಲ. ಇಪ್ಪತ್ತರ ಹುಡುಗನೊಬ್ಬ ಅದನ್ನು ನೆನಪಿಸಿದ.

ಅಳಿಯ ಚಿಕ್ಕವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. 'ಫ್ರೀಡೂಮ್' ಎಂಬುದೊಂದಿದೆಯಂತೆ. ಸ್ವಯಂಸೇವಕರು ತಾವೇ ಚಿತ್ರ ಬರೆದು, ಶಬ್ದ ಕೂಡಿಸಿ, ನಕ್ಷೆ ಕಟ್ಟಿ, ಈ ಎಂಜಿನ್‌ಗಾಗಿಯೇ ಉಚಿತವಾಗಿ ಬಿಟ್ಟದ್ದು. ಅದನ್ನು ಹಾಕಿಕೊಟ್ಟ. ಹುಡುಗನ ಮುಖ ಅರ್ಧ ಅರಳಿತು.

ಉಳಿದರ್ಧಕ್ಕೆ ನಾನು ಅಳಿಯನನ್ನು ಪಕ್ಕಕ್ಕೆ ಕರೆದು, "ಆ ಆಟ ಎಲ್ಲಿ ಸಿಗುತ್ತೆ, ಹೇಗೆ ಕೊಳ್ಳೋದು, ಹೇಳಿಕೊಡು," ಎಂದೆ. ಅವನ ಹೆಸರಿಗೇ ಒಂದು ಪ್ರತಿ ಕೊಂಡುಕೊಟ್ಟೆ. ಪರೀಕ್ಷೆ ಮುಗಿಯುವವರೆಗೆ ಮುಟ್ಟಕೂಡದು ಎಂದು ಅಕ್ಕ ಷರತ್ತು ಹಾಕಿದಳು. ನನ್ನ ಹಳೆಯ ಸಿ.ಡಿ.ಯ ಬಾಕಿ ಇದರಿಂದ ತೀರಿತೆಂದು ನಾನು ಹೇಳುವುದಿಲ್ಲ. ಆದರೆ ಈ ಸಲ ಕೊಟ್ಟದ್ದು ನನ್ನದೇ ದುಡ್ಡು.